ಕೆಂಪಡಿಕೆ, ಚಾಲಿ ಮತ್ತು ಜೀನಾ ಡೇವಿಸ್

ಅಮೆರಿಕದ ಅರ್ಕನ್ಸಾ ರಾಜ್ಯದ ಬೆಂಟನ್‌ವಿಲ್‌ನಲ್ಲಿ ನಾವು ನೆಲೆಸಿ ಒಂಬತ್ತು ವರ್ಷಗಳಾದವು. ವಾಲ್‌ಮಾರ್ಟ್ ಕಂಪನಿಯ ಕೇಂದ್ರ ಕಚೇರಿ ಇರುವ ಊರಾದ್ದರಿಂದ ಇಲ್ಲಿ ಕನ್ನಡದ ಮನೆಗಳಿಗೆ ಕೊರತೆಯಿಲ್ಲ. ಯುಗಾದಿಯ ಊಟಕ್ಕೆ ಸೇರಿದಾಗ ಸಿರ್ಸಿ, ಕುಮಟಾ, ಹೊನ್ನಾವರದ ಕಡೆಯವರೂ ಸಿಗುತ್ತಾರೆ. ಆದರೆ ಈ ಊರು ನನಗೆ ಹತ್ತಿರವಾದದ್ದು ಬೇರೆ ಕಾರಣಕ್ಕೆ. ಹಾಲಿವುಡ್ ನಟಿ ಜೀನಾ ಡೇವಿಸ್ 2015ರಲ್ಲಿ ತಮ್ಮ ಚಲನಚಿತ್ರೋತ್ಸವವನ್ನು ಆರಂಭಿಸಿದ್ದು ಇಲ್ಲಿಯೇ. ಹೆಂಗಸರು ಮಾಡಿದ ಚಿತ್ರಗಳಿಗೆ, ತೆರೆಯ ಮೇಲೆ ಜಾಗ ಸಿಗದವರ ಕಥೆಗಳಿಗೆ ಅದು ಮೀಸಲು.

1988ರ ಚಿತ್ರವೊಂದರ ಅಭಿನಯಕ್ಕೆ ಆಸ್ಕರ್ ಪಡೆದ ಈ ನಟಿ ತಮ್ಮ ಹೆಸರಿನ ನೆರಳಿನಲ್ಲಿ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಆದರೆ ಎರಡು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಳೆಯ ಮಕ್ಕಳ ಕಾರ್ಯಕ್ರಮ ನೋಡುತ್ತಿದ್ದಾಗ, ಅದರಲ್ಲಿ ಗಂಡು ಪಾತ್ರಗಳೇ ತುಂಬಿರುವುದು ಅವರ ಕಣ್ಣಿಗೆ ಬಿತ್ತು. ಚಿತ್ರರಂಗದವರನ್ನು ವಿಚಾರಿಸಿದರೆ, ಅದೆಲ್ಲ ಹಳೆಯ ಮಾತು, ಈಗ ಸರಿಹೋಗಿದೆ ಎಂಬ ಉತ್ತರ ಬಂತು. ಅವರು ವಾದಕ್ಕೆ ಇಳಿಯಲಿಲ್ಲ, ಎಣಿಸಲು ಹೊರಟರು. 2004ರಲ್ಲಿ ತಮ್ಮದೇ ಸಂಸ್ಥೆ ಸ್ಥಾಪಿಸಿ, ವಿಶ್ವವಿದ್ಯಾಲಯದ ಸಂಶೋಧಕರ ಕೈಯಲ್ಲಿ ಲೆಕ್ಕ ಮಾಡಿಸಿದಾಗ, ಮನೆಮಂದಿಯೆಲ್ಲ ಕೂತು ನೋಡುವ ಚಿತ್ರಗಳಲ್ಲಿ ಮೂರು ಗಂಡು ಪಾತ್ರಕ್ಕೆ ಒಂದು ಹೆಣ್ಣು ಪಾತ್ರವಿರುವುದು ತಿಳಿಯಿತು. ಗುಂಪಿನ ದೃಶ್ಯಗಳಲ್ಲಂತೂ ಹೆಣ್ಣುಗಳ ಪಾಲು ಶೇ. 17 ಮಾತ್ರ.

ಈ ಶೇ. 17 ಎಂಬ ಅಂಕಿ ಓದಿದ ದಿನ ನನಗೆ ನೆನಪಾದದ್ದು ನಮ್ಮ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಸಿರ್ಸಿಯ ಬೀದಿಗಳನ್ನು ತುಂಬುವ ಆ ಜನಸಾಗರದಲ್ಲಿ ಉಡಿ ತುಂಬುವವರು, ಬಳೆ ಇಡಿಸಿಕೊಳ್ಳುವವರು, ಮಗುವನ್ನು ಸೊಂಟದಲ್ಲಿ ಹೊತ್ತು ರಥ ನೋಡುವವರು, ಅಂಗಡಿ ಇಟ್ಟು ವ್ಯಾಪಾರ ಮಾಡುವವರು, ಇವರೆಲ್ಲ ಹೆಂಗಸರೇ ಅಲ್ಲವೇ? ಅವರಲ್ಲಿ ಮುಕ್ಕಾಲು ಪಾಲನ್ನು ಅಳಿಸಿಬಿಟ್ಟರೆ ಅದನ್ನು ಜಾತ್ರೆಯೆಂದು ಯಾರೂ ಒಪ್ಪುವುದಿಲ್ಲ. ತೆರೆಯ ಮೇಲೆ ಮಾತ್ರ ಒಪ್ಪುತ್ತೇವೆ, ಏಕೆಂದರೆ ಚಿಕ್ಕಂದಿನಿಂದ ಕಣ್ಣು ಅದಕ್ಕೇ ಹೊಂದಿಕೊಂಡಿದೆ.

ಡೇವಿಸ್ ಅವರ ದಾರಿಯಲ್ಲಿ ನನಗೆ ಬಹಳ ಮೆಚ್ಚಿಕೆಯಾದದ್ದು ಅವರ ಸೌಜನ್ಯ. ಲೆಕ್ಕದ ಹಾಳೆ ಹಿಡಿದು ಬೀದಿಯಲ್ಲಿ ಯಾರ ಮಾನವನ್ನೂ ಕಳೆಯದೆ, ಜಗಲಿಯ ಮೇಲೆ ಕುಳಿತು ಮಾತಾಡುವಂತೆ ಒಂದೊಂದೇ ಸ್ಟುಡಿಯೋಗೆ ಹೋಗಿ ತೋರಿಸಿದರು. ಎಷ್ಟೋ ಮಂದಿ ತಾವೇ ಮಾಡಿದ್ದನ್ನು ಕಂಡು ಬೆರಗಾದರು. ಪರಿಹಾರವನ್ನೂ ಅವರು ಕಷ್ಟದ್ದಾಗಿ ಹೇಳಲಿಲ್ಲ: ಬರೆದಿಟ್ಟ ಕಥೆಯಲ್ಲಿ ಕೆಲವು ಪಾತ್ರಗಳ ಹೆಸರನ್ನು ಹೆಣ್ಣಿನ ಹೆಸರಾಗಿ ಬದಲಿಸಿ, ಗುಂಪು ಸೇರುತ್ತದೆ ಎಂದು ಬರೆಯುವಲ್ಲಿ ಅದರ ಅರ್ಧ ಹೆಂಗಸರು ಎಂದೂ ಸೇರಿಸಿ, ಅಷ್ಟೆ. ನನಗೆ ಇದು ದೊಡ್ಡ ಬುದ್ಧಿವಂತಿಕೆಯಾಗಿ ಕಾಣುತ್ತದೆ.

ಇದನ್ನು ಇಷ್ಟು ಹಚ್ಚಿಕೊಳ್ಳಲು ನನಗೊಂದು ಹಳೆಯ ನೋವೂ ಕಾರಣ. ಗದ್ದೆಯ ಕೊಯ್ಲು ಮುಗಿದ ಮೇಲೆ ಯಕ್ಷಗಾನ ಬಯಲಾಟಕ್ಕೆ ಕಂಬಳಿ ಹೊದ್ದು ಹೋಗಿ, ಬೆಳಗಿನ ಜಾವದವರೆಗೆ ಚಂಡೆಯ ಸದ್ದಿನಲ್ಲಿ ಕಣ್ಣರಳಿಸಿ ಕೂತವಳು ನಾನು. ಏಳನೆಯ ತರಗತಿಯಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಅಭಿಮನ್ಯುವಿನ ವೇಷ ಕಟ್ಟುತ್ತೇನೆಂದು ಕೇಳಿದಾಗ, ಕೂಸಿಗೆ, ಅಂದರೆ ಹುಡುಗಿಗೆ, ಎಂತಕ್ಕೆ ವೇಷ ಎಂದು ಹಿರಿಯರೊಬ್ಬರು ಹೇಳಿದರು, ಮಾತು ಅಲ್ಲಿಗೇ ಮುಗಿಯಿತು. ಗಂಡಸರು ಕಟ್ಟುವ ಸ್ತ್ರೀವೇಷದ ಸೊಬಗಿನ ಬಗ್ಗೆ ನನಗೆ ಗೌರವ ಈಗಲೂ ಇದೆ. ಆದರೆ ಆ ರಂಗಸ್ಥಳದಲ್ಲಿ ಒಬ್ಬ ಹುಡುಗಿಯನ್ನಾದರೂ ನಾನು ಅಂದು ಕಂಡಿದ್ದರೆ, ಮರುಪ್ರಶ್ನೆ ಕೇಳುವ ಧೈರ್ಯ ನನಗೂ ಬರುತ್ತಿತ್ತು. ಇಂದು ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಗೆಜ್ಜೆ ಕಟ್ಟಿ, ಕಿರೀಟ ಹೊತ್ತು ಕುಣಿಯುವ ವಿಡಿಯೋಗಳನ್ನು ಇಲ್ಲಿ ಕೂತು ನೋಡುವಾಗ ನನ್ನ ಕಣ್ಣು ತುಂಬಿಬರುತ್ತದೆ.

ಕಳೆದ ಮಳೆಗಾಲದಲ್ಲಿ ರಜೆಗೆಂದು ಸಿರ್ಸಿಯ ಸಮೀಪದ ತವರಿಗೆ ಬಂದಿದ್ದೆವು. ಹೊರಗೆ ಮಳೆ ಬಿಟ್ಟೂಬಿಡದೆ ಸುರಿಯುತ್ತಿತ್ತು, ಮಕ್ಕಳು ಟಿವಿಯ ಮುಂದೆ ಕೂತಿದ್ದರು. ಜೀನಾ ಡೇವಿಸ್ ಮಾಡಿದಂತೆ ನಾವೂ ಎಣಿಸೋಣವೇ ಎಂದು ಕೇಳಿದ್ದೇ ತಡ, ಮಗಳು ಅಟ್ಟದ ಚೀಲಗಳಿಂದ ಎರಡು ಬಗೆಯ ಅಡಿಕೆ ತಂದಳು. ಮಾಣಿ, ಅಂದರೆ ಹುಡುಗ, ಬಂದರೆ ಕೆಂಪಡಿಕೆ, ಕೂಸು ಬಂದರೆ ಬಿಳಿಯ ಚಾಲಿ ಅಡಿಕೆ. ಎರಡು ಹಿತ್ತಾಳೆಯ ತಟ್ಟೆಗಳಲ್ಲಿ ಟಣ್ ಟಣ್ ಎಂದು ಅಡಿಕೆ ಬೀಳತೊಡಗಿತು. ಅರ್ಧ ಗಂಟೆಯ ಕಾರ್ಟೂನ್ ಮುಗಿಯುವ ಹೊತ್ತಿಗೆ ಒಂದು ತಟ್ಟೆಯಲ್ಲಿ 18 ಕೆಂಪಡಿಕೆ, ಇನ್ನೊಂದರಲ್ಲಿ 5 ಚಾಲಿ. ನನ್ನ ಅಣ್ಣನ ಮಗ ಎರಡೆರಡು ಸಲ ಎಣಿಸಿ ನೋಡಿ, ತಾನು ಇದನ್ನು ದಿನಾ ನೋಡಿದರೂ ಗೊತ್ತೇ ಆಗಿರಲಿಲ್ಲ ಎಂದ.

ರಾತ್ರಿ ಆಯಿಯ, ಅಂದರೆ ನನ್ನ ಅಮ್ಮನ, ಧಾರಾವಾಹಿಯ ಸರದಿ. ಅಲ್ಲಿ ಹೆಣ್ಣು ಪಾತ್ರಗಳೇ ಹೆಚ್ಚು, ಚಾಲಿಯ ತಟ್ಟೆ ಬೇಗ ತುಂಬಿತು, ಮಕ್ಕಳು ಗೆದ್ದೆವೆಂದು ಕೂಗಿದರು. ಡೇವಿಸ್ ಅವರ ಸಂಸ್ಥೆ ಯುನಿಸೆಫ್ ಜೊತೆ ಸೇರಿ 2019ರ ಭಾರತದ ಸಾವಿರಕ್ಕೂ ಹೆಚ್ಚು ಜಾಹೀರಾತುಗಳನ್ನು ಪರಿಶೀಲಿಸಿ 2021ರಲ್ಲಿ ಹೇಳಿದ್ದೂ ಇದನ್ನೇ: ಹೆಂಗಸರು ತೆರೆಯ ಮೇಲೆ ಗಂಡಸರಿಗಿಂತ ಹೆಚ್ಚು ಹೊತ್ತು ಇರುತ್ತಾರೆ, ಆದರೆ ಸಾಬೂನು, ಅಡುಗೆ, ಅಂದದ ಸಾಮಾನು ಮಾರಲು ಇರುತ್ತಾರೆ, ಅವರಲ್ಲಿ ಮೂರರಲ್ಲಿ ಎರಡು ಪಾಲು ತಿಳಿಬಣ್ಣದವರು. ನಾನು ಇದನ್ನು ವಿವರಿಸಲು ಬಾಯಿ ತೆರೆಯುವ ಮೊದಲೇ, ನಲವತ್ತು ವರ್ಷ ತೋಟದಲ್ಲಿ ದುಡಿದ ಆಯಿ ತಟ್ಟೆಯನ್ನು ನೋಡಿ, ಇಷ್ಟು ಜನರಲ್ಲಿ ಒಬ್ಬಳೂ ತೋಟಕ್ಕೆ ಇಳಿಯಲಿಲ್ಲವಲ್ಲ ಎಂದರು.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಮೂರನೆಯ ತಟ್ಟೆ ತಂದಳು. ಏನಾದರೂ ಕೆಲಸ ಮಾಡುವ ಕೂಸುಗಳಿಗೆ ಇದು ಎಂದಳು. ಧಾರಾವಾಹಿ ಮುಗಿಯುವವರೆಗೂ ಆ ತಟ್ಟೆಯಲ್ಲಿ ಒಂದು ಅಡಿಕೆಯೂ ಬೀಳಲಿಲ್ಲ. ಮಲಗುವ ಮುನ್ನ ಆಯಿಯೇ ಒಂದು ಚಾಲಿಯನ್ನು ಆರಿಸಿ, ಇದು ನಾನು ಎಂದು ಅದರಲ್ಲಿ ಇಟ್ಟರು.