ಸೂಜಿ ಹೋದ ಜಾಗ

ಮೂಡಿಗೆರೆ ಪೇಟೆಯಲ್ಲಿ ಟಾರ್ಪಾಲು ಹೊಲಿಯುವ ಕಾಕಾ ನಮ್ಮ ಟೆಂಟಿನ ಬೆಲೆ ಕೇಳಲಿಲ್ಲ. ಯಾವ ಕಂಪನಿಯದು ಅಂತಲೂ ಕೇಳಲಿಲ್ಲ. ಒದ್ದೆ ಟೆಂಟನ್ನು ಜಗುಲಿಯ ಮೇಲೆ ಹರಡಿ, ಒಳಮೈ ಹೊರಗೆ ಮಾಡಿ, ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಎಳೆಯುತ್ತಾ ಹೋದರು. ಒಂದು ಕಡೆ ನಿಂತು, "ನೀರು ಇಲ್ಲಿಂದ ಬಂದಿದೆ. ಆಮೇಲೆ ಕಾಲ ಹತ್ರ ಮೂಲೆಯಿಂದ" ಅಂದರು. ಎರಡೂ ಸರಿಯಾಗಿತ್ತು. ಹಿಂದಿನ ರಾತ್ರಿ ಏನಾಯಿತು ಅಂತ ನಾವಿನ್ನೂ ಬಾಯಿ ಬಿಟ್ಟಿರಲಿಲ್ಲ. ಕ್ಯಾಂಪಿಂಗ್ ಸಾಮಾನಿನ ಬಗ್ಗೆ ನಾನು ನೋಡಿದ ಎಲ್ಲ ವಿಡಿಯೋಗಳಿಗಿಂತ ಜಾಸ್ತಿ ಆ ಜಗುಲಿಯ ಮೇಲೆ ತಿಳಿಯಿತು.

ಹೋಗಿದ್ದು ಡಿಸೆಂಬರಿನಲ್ಲಿ, ನಾನು ಮತ್ತು ಭಾವ. ದೇವರಮನೆಯ ಕಾಲಭೈರವೇಶ್ವರನ ದರ್ಶನ ಮಾಡಿದೆವು. ಎತ್ತಿನಭುಜ ಬೆಟ್ಟಕ್ಕೂ ಹೋಗಿ ಬಂದೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಅಲ್ಲಿನ ನೀರುದೋಸೆಗೆ ನನ್ನ ಮಟ್ಟಿಗೆ ಸಾಟಿ ಇಲ್ಲ. ಬೆಟ್ಟದ ನೆತ್ತಿಯಲ್ಲಿ ಟೆಂಟ್ ಹಾಕುವ ಯೋಚನೆಯೇ ಇರಲಿಲ್ಲ. ಅರಣ್ಯ ಇಲಾಖೆ ಅದಕ್ಕೆ ಬಿಡುವುದಿಲ್ಲ, ಬಿಡಬಾರದು ಕೂಡ. ಈ ಸೀಮೆಯಲ್ಲಿ ಆನೆಗಳ ಓಡಾಟ ಬೇರೆ ಇದೆ. ಅದಕ್ಕೇ ಭಾವನ ಸ್ನೇಹಿತರ ಕಾಫಿ ತೋಟದಲ್ಲಿ, ಕಣದ ಪಕ್ಕದ ಬಯಲಲ್ಲಿ ಟೆಂಟ್ ಹಾಕಲು ಕೇಳಿಕೊಂಡಿದ್ದೆವು. ಟೆಂಟು, ಸ್ಲೀಪಿಂಗ್ ಬ್ಯಾಗು, ಗಾಳಿ ತುಂಬುವ ಹಾಸಿಗೆ ಎಲ್ಲವೂ ಬೆಂಗಳೂರಿನ ಒಂದು ಬಾಡಿಗೆ ಅಂಗಡಿಯದು. "ಮೂರು ಸಾವಿರ ಎಂಎಂ ವಾಟರ್‌ಪ್ರೂಫ್ ಸರ್, ಎಂಥಾ ಮಳೆಗೂ ಜಗ್ಗಲ್ಲ" ಅಂದಿದ್ದರು.

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮಲೆನಾಡಿಗೆ ಡಿಸೆಂಬರಿನಲ್ಲೂ ಮಳೆ ಬರುತ್ತದೆ. ಅವತ್ತು ಬಂದದ್ದು ಅಂಥ ಮಳೆ. ನಡುರಾತ್ರಿ ಮೊದಲು ಗಾಳಿ ಎದ್ದಿತು. ಟಪ್ ಅಂತ ಸದ್ದಾಗಿ ಟೆಂಟಿನ ಒಂದು ಪಕ್ಕ ನಮ್ಮ ಮುಖದ ಮೇಲೆ ಬಿತ್ತು. ಟೆಂಟನ್ನು ಎತ್ತಿ ಹಿಡಿಯುವ ಫೈಬರ್ ಕಡ್ಡಿ ಉದ್ದಕ್ಕೆ ಸೀಳಿ ಮುರಿದಿತ್ತು. ಆಮೇಲೆ ಮಳೆ. ತಲೆಯ ಮೇಲಿನ ಹೊಲಿಗೆಯಿಂದ ತೊಟ್ಟಿಕ್ಕಲು ಶುರುವಾಯಿತು, ಸ್ವಲ್ಪ ಹೊತ್ತಿಗೆ ಕಾಲ ಬಳಿ ನೀರು ನಿಂತಿತು.

ಹೊರಗೆ ಬಂದರೆ ಕಣದಲ್ಲಿ ಟಾರ್ಚುಗಳ ಓಡಾಟ. ಕೊಯ್ಲಿನ ಕಾಲ ಅಲ್ವಾ, ಕಣದ ತುಂಬ ಕಾಫಿ ಒಣಗಲು ಹರಡಿತ್ತು. ಹಣ್ಣನ್ನು ಹಾಗೇ ಒಣಗಿಸುವ ಚೆರಿ ಕಾಫಿಗೆ ಒಳ್ಳೆಯ ಬಿಸಿಲಿದ್ದರೂ ಹತ್ತು ಹದಿನೈದು ದಿನ ಬೇಕು. ನಡುವೆ ನೆನೆದರೆ ಬೂಸ್ಟು ಹಿಡಿಯುತ್ತದೆ, ರುಚಿ ಕೆಡುತ್ತದೆ, ರೇಟೂ ಬೀಳುತ್ತದೆ. ಲೈನ್ ಮನೆಗಳ ಕೆಲಸಗಾರರು, ತೋಟದ ಲೆಕ್ಕ ನೋಡುವ ರೈಟರ್, ಯಜಮಾನರು ಎಲ್ಲರೂ ಸೇರಿ ಕಾಫಿಯನ್ನು ರಾಶಿಗೆ ಎಳೆದು ಟಾರ್ಪಾಲು ಹೊದಿಸುತ್ತಿದ್ದರು. ನಾವೂ ಕೈ ಹಾಕಿದೆವು. ಆ ಟಾರ್ಪಾಲುಗಳು ಎಷ್ಟೋ ಮಳೆಗಾಲ ಕಂಡಂಥವು, ಮೈತುಂಬ ತೇಪೆ. ಬೆಳಿಗ್ಗೆ ಎತ್ತಿ ನೋಡಿದರೆ ಅಡಿಯ ಕಾಫಿ ಒಣಗಿದ್ದ ಹಾಗೇ ಇತ್ತು.

"ಇದನ್ನ ಹೊಲಿದವರ ಹತ್ರ ನಿಮ್ಮ ಟೆಂಟೂ ತೋರ್ಸಣ ಬನ್ನಿ" ಅಂತ ರೈಟರ್ ಕರೆದುಕೊಂಡು ಹೋದರು. ಅವರು ಕಾಕಾ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು.

ನಾನು ಮೂರು ಸಾವಿರದ ಮಾತು ಎತ್ತಿದೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಆಚೆಗೆ ನೀರು ಇಳಿಯುವುದಿಲ್ಲ ಅಂತ ಅದರ ಲೆಕ್ಕ. ಕಾಕಾ ಕೇಳಿಸಿಕೊಂಡು ಹೇಳಿದರು: "ಅದು ಬಟ್ಟೆ ಲೆಕ್ಕ. ಬಟ್ಟೆ ಎಲ್ಲಿ ಸೋರುತ್ತೆ ಸಾರ್? ಸೂಜಿ ಹೋದ ಜಾಗ ಸೋರುತ್ತೆ."

"ಹಾಗಾದ್ರೆ ಹಳೇ ಕ್ಯಾನ್ವಾಸ್ ಹೇಗೆ ತಡೀತಿತ್ತು ಕಾಕಾ?" ಭಾವ ಕೇಳಿದ.

"ಅದಕ್ಕೆ ಹತ್ತಿ ದಾರ. ನೀರು ಕುಡಿದು ಊದ್ಕೊಂಡು ತೂತ ತಾನೇ ಮುಚ್ಚುತ್ತೆ. ಈಗಿನ ದಾರ ಗಟ್ಟಿ, ಆದ್ರೆ ಊದಲ್ಲ. ಅದಕ್ಕೇ ಒಳಗಡೆ ಈ ಟೇಪ್ ಅಂಟಿಸ್ತಾರೆ. ಇದು ನೋಡಿ, ಸಿಪ್ಪೆ ಎದ್ದ ಹಾಗೆ ಎದ್ದಿದೆ."

ಆಮೇಲೆ ಟೆಂಟಿನ ಒಳಮೈಯನ್ನು ನನ್ನ ಕೈಗೆ ಕೊಟ್ಟು ಮುಟ್ಟಿ ನೋಡಿ ಅಂದರು. ಜಿಗುಟಾಗಿತ್ತು. ಮೂಸಿದರೆ ಹುಳಿ ವಾಸನೆ. "ಒದ್ದೆ ಇರುವಾಗ್ಲೇ ಮಡಿಸಿ ಮೂಲೆಗೆ ತುರುಕಿದಾರೆ. ನಿನ್ನೆ ಮೊನ್ನೆದಲ್ಲ, ತುಂಬ ಸಲ." ಟೆಂಟು ಬಟ್ಟೆಗೆ ಬಳಿಯುವ ಪಾಲಿಯುರೆಥೇನ್ ಲೇಪವನ್ನು ತೇವ ನಿಧಾನಕ್ಕೆ ಒಡೆಯುತ್ತದೆ. ಒಮ್ಮೆ ಜಿಗುಟಾದರೆ ಅದು ಮತ್ತೆ ಮೊದಲಿನಂತೆ ಆಗುವುದಿಲ್ಲ. ಈ ಟೆಂಟು ಮಳೆ ಬರುವ ಮೊದಲೇ ಕೆಟ್ಟಿತ್ತು. ಬಾಡಿಗೆ ಎಣಿಸಿ ತೆಗೆದುಕೊಂಡವರಿಗೆ ಒಂದು ಬಿಸಿಲು ದಿನ ಹರಡಿ ಒಣಗಿಸಲು ಪುರಸೊತ್ತಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕಾಕಾ ಮೂಲೆಗಳನ್ನು ತೋರಿಸಿದರು. ಗೂಟದ ಪಟ್ಟಿ ಬಟ್ಟೆಗೆ ಸೇರುವ ಜಾಗವದು. ಗಾಳಿಯ ಎಳೆತವೆಲ್ಲ ಅಲ್ಲಿಗೇ ಬರುತ್ತದೆ. ಒಳ್ಳೆಯ ಕೆಲಸವಾದರೆ ಅಲ್ಲಿ ಇನ್ನೊಂದು ಪದರ ಬಟ್ಟೆ ಇಟ್ಟು, ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದಿರುತ್ತಾರೆ. ನಮ್ಮದರಲ್ಲಿ ಒಂದೇ ಸಾಲು ಹೊಲಿಗೆ. ಜಿಪ್ಪನ್ನು ತಿರುವಿನಲ್ಲಿ ನಾಲ್ಕಾರು ಸಲ ಎಳೆದು ನೋಡಬೇಕು, ಕೆಡುವುದು ಅಲ್ಲೇ. ಹಲ್ಲಿಗಿಂತ ಮೊದಲು ರನ್ನರ್ ಸವೆಯುತ್ತದೆ. ಅದೊಂದನ್ನೇ ಬದಲಾಯಿಸಿದರೆ ಎಷ್ಟೋ ಬ್ಯಾಗು, ಟೆಂಟು ಮತ್ತೆ ವರ್ಷಗಟ್ಟಲೆ ಬರುತ್ತವೆ. ಕಾಕಾ ಜಿಪ್ಪಿಗೆ ಮೇಣದಬತ್ತಿ ಉಜ್ಜಿಕೊಟ್ಟರು.

ಮುರಿದ ಕಡ್ಡಿಗೆ ಅವರು ಮಾಡಿದ ಉಪಾಯ ನೋಡಬೇಕಿತ್ತು. ಹಳೇ ಕೊಡೆಯ ಕೊಳವೆಯಿಂದ ಒಂದು ತುಂಡು ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಮುರಿದ ಜಾಗದ ಮೇಲೆ ತೊಡಿಸಿ ಎರಡೂ ಕಡೆ ಟೇಪ್ ಸುತ್ತಿದರು. ಒಳ್ಳೆಯ ಟೆಂಟುಗಳ ಜೊತೆ ಇಂಥದೇ ಒಂದು ಪುಟ್ಟ ಅಲ್ಯೂಮಿನಿಯಂ ಕೊಳವೆ ಬರುತ್ತದೆ. ಬಹಳ ಜನ ಅದು ಯಾಕೆ ಅಂತ ತಿಳಿಯದೆ ಎಸೆಯುತ್ತಾರೆ. ದಯವಿಟ್ಟು ಎಸೆಯಬೇಡಿ. ಅಲ್ಯೂಮಿನಿಯಂ ಕಡ್ಡಿಗೆ ದುಡ್ಡು ಜಾಸ್ತಿ, ಆದರೆ ಅದು ಸಾಮಾನ್ಯವಾಗಿ ಬಾಗುತ್ತದೆ, ಫೈಬರಿನ ಹಾಗೆ ಉದ್ದಕ್ಕೆ ಸೀಳುವುದಿಲ್ಲ. ನಾನು ಕೊಳ್ಳುವಾಗ ಬಟ್ಟೆಯ ಬಣ್ಣ ಬಿಟ್ಟು ಕಡ್ಡಿಗೇ ದುಡ್ಡು ಹಾಕುತ್ತೇನೆ.

ಎದ್ದ ಟೇಪನ್ನು ಕಿತ್ತು, ಒರೆಸಿ, ಹೊಲಿಗೆಯ ಮೇಲೆ ರಬ್ಬರ್ ಸೊಲ್ಯೂಷನ್ ಬಳಿದರು. "ಊರು ಸೇರೋ ತನಕ ಬರುತ್ತೆ, ಅಷ್ಟೇ" ಅಂದರು. ಕಡ್ಡಿಗೂ ಹೊಲಿಗೆಗೂ ದುಡ್ಡು ತೆಗೆದುಕೊಂಡರು, ಜಿಪ್ಪಿಗೆ ಬೇಡ ಅಂದರು.

ಆ ರಾತ್ರಿ ಮಳೆ ಇರಲಿಲ್ಲ, ಚಳಿ ಇತ್ತು. ಸ್ಲೀಪಿಂಗ್ ಬ್ಯಾಗಿನ ಮೇಲೆ 5 ಡಿಗ್ರಿ ಅಂತ ದಪ್ಪಕ್ಷರದಲ್ಲಿತ್ತು, ಅಲ್ಲಿನ ಚಳಿ 15ರ ಆಸುಪಾಸು. ಆದರೂ ಬೆನ್ನು ಕೊರೆಯುತ್ತಿತ್ತು. ತೋಟದ ಅಮ್ಮ ಕಂಬಳಿ ತಂದುಕೊಟ್ಟರು. ನಾನು ಹೊದ್ದುಕೊಳ್ಳಲು ಹೋದರೆ, "ಮೇಲೆ ಎಷ್ಟು ಹೊದ್ರೂ ಬರೋದಿಲ್ಲಪ್ಪ, ಅಡಿಗೆ ಹಾಸ್ಕೋ" ಅಂದರು. ಹಾಸಿಕೊಂಡ ಮೇಲೆ ಬೆಳಗಿನವರೆಗೂ ಎಚ್ಚರವಾಗಲಿಲ್ಲ. ನಮ್ಮ ಭಾರಕ್ಕೆ ಬ್ಯಾಗಿನ ಅಡಿಯ ಪದರ ಅಪ್ಪಚ್ಚಿಯಾಗಿ, ಬೆನ್ನ ಶಾಖವೆಲ್ಲ ನೆಲಕ್ಕೆ ಹೋಗುತ್ತದೆ. ಬರೀ ಗಾಳಿ ತುಂಬಿದ ಹಾಸಿಗೆ ಮೆತ್ತಗಿರುತ್ತದೆ, ಆದರೆ ಒಳಗಿನ ಗಾಳಿ ಓಡಾಡುತ್ತಾ ಶಾಖ ಒಯ್ಯುತ್ತದೆ. ಅದಕ್ಕಿಂತ ಒಂದು ಸಾದಾ ಫೋಮ್ ಮ್ಯಾಟ್ ಮೇಲು. ತೂತಾಗುವುದಿಲ್ಲ, ನೀರು ಹೀರುವುದಿಲ್ಲ. ಒಳ್ಳೆಯ ಮ್ಯಾಟ್‌ಗಳ ಮೇಲೆ ಆರ್-ವ್ಯಾಲ್ಯೂ ಅಂತ ಬರೆದಿರುತ್ತದೆ, ಶಾಖ ನೆಲಕ್ಕೆ ಹೋಗದಂತೆ ಎಷ್ಟು ತಡೆಯುತ್ತದೆ ಅನ್ನುವ ಅಂಕಿ ಅದು. ಅಂಕಿ 2 ಇದ್ದರೆ ನಮ್ಮ ಮಲೆನಾಡಿನ ಚಳಿಗೆ ಸಾಕು. ಬ್ಯಾಗಿನಲ್ಲಿ ದಪ್ಪಕ್ಷರ ಬಿಟ್ಟು 'ಕಂಫರ್ಟ್' ಅನ್ನುವ ಅಂಕಿ ಹುಡುಕಿ. 'ಎಕ್ಸ್‌ಟ್ರೀಮ್' ಅನ್ನುವುದು ಜೀವ ಉಳಿಸಿಕೊಳ್ಳುವ ಲೆಕ್ಕ, ನಿದ್ದೆಯದ್ದಲ್ಲ. ಹಕ್ಕಿಪುಕ್ಕದ ಬ್ಯಾಗು ಹಗುರ ಅಂತ ಎಲ್ಲರೂ ಹೊಗಳುತ್ತಾರೆ. ಮಂಜಿನ ಊರಿಗೆ ನನಗದು ಬೇಡ. ನೆನೆದರೆ ಮುದ್ದೆಗಟ್ಟುತ್ತದೆ, ಬೇಗ ಒಣಗುವುದೂ ಇಲ್ಲ.

ಬೆಂಗಳೂರಿಗೆ ಬಂದು ಟೆಂಟ್ ವಾಪಸ್ ಕೊಡುವಾಗ ಅಂಗಡಿಯವರು ಕಡ್ಡಿ ಮುರಿದಿದೆ ಅಂತ ಡೆಪಾಸಿಟ್ಟಿನಲ್ಲಿ ದುಡ್ಡು ಹಿಡಿದರು. ನಾನು ಅಲ್ಲೇ ಟೆಂಟನ್ನು ಒಳಮೈ ಹೊರಗೆ ಮಾಡಿ, ಟೇಪು ಎದ್ದಿದ್ದ ಜಾಗ, ಜಿಗುಟಾದ ಬಟ್ಟೆ ಎಲ್ಲ ತೋರಿಸಿದೆ. ತುಂಬ ಹೊತ್ತು ವಾದ ಮಾಡಿದ ಮೇಲೆ ಅರ್ಧ ವಾಪಸ್ ಬಂತು. ಬಾಡಿಗೆಗೆ ತರುವವರು ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಬಿಚ್ಚಿಸಿ. ಹೊಲಿಗೆ, ಮೂಲೆ, ಕಡ್ಡಿಯ ತುದಿಗಳ ಫೋಟೋ ತೆಗೆದುಕೊಳ್ಳಿ. ಬಿಚ್ಚಲು ಬಿಡದ ಅಂಗಡಿಯಾದರೆ ಬೇರೆ ಅಂಗಡಿ ನೋಡಿ.