ಹಡಗಿನ ಲೂಟಿಯಿಂದ ಕಡಲ ಕಾನೂನಿನವರೆಗೆ

ಶನಿವಾರ, 16 ನವೆಂಬರ್ 2024

ಸಮುದ್ರದ ಮೇಲೆ ಯಾವ ದೇಶಕ್ಕೆ ಎಷ್ಟು ಹಕ್ಕು ಎಂದು ಹೇಳುವ ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದ ಜಾರಿಗೆ ಬಂದು ಇವತ್ತಿಗೆ 30 ವರ್ಷ. ಅದೇ ನೆಪದಲ್ಲಿ ಬೆಳಗಿನಿಂದ ಅಂತರರಾಷ್ಟ್ರೀಯ ಕಾನೂನಿನ ಹಳೆಯ ಕಥೆ ಓದುತ್ತಾ ಕೂತಿದ್ದೆ. ದೇಶಗಳ ಮೇಲೆ ರಾಜ ಇಲ್ಲ, ಶಾಸನಸಭೆಯೂ ಇಲ್ಲ. ಆದರೂ ಅವುಗಳ ನಡುವೆ ಕಾನೂನು ಹುಟ್ಟಿದ್ದು ಹೇಗೆ ಎಂಬ ಪ್ರಶ್ನೆ ನನ್ನನ್ನು ಬಿಡುವುದೇ ಇಲ್ಲ.

ಹೆಚ್ಚಿನ ಪಠ್ಯಪುಸ್ತಕಗಳು ಯುರೋಪಿನ ಮೂವತ್ತು ವರ್ಷಗಳ ಯುದ್ಧ ಮುಗಿಸಿದ 1648ರ ವೆಸ್ಟ್‌ಫಾಲಿಯಾ ಒಪ್ಪಂದಗಳಿಂದ ಶುರು ಮಾಡುತ್ತವೆ. ಅದು ನನಗೆ ಸರಿ ಕಾಣುವುದಿಲ್ಲ. ಈಜಿಪ್ಟಿನ ಎರಡನೇ ರಾಮ್ಸೆಸ್ ಮತ್ತು ಇಂದಿನ ಟರ್ಕಿಯ ಭಾಗದಲ್ಲಿದ್ದ ಹಿಟ್ಟೈಟರ ದೊರೆ ಹತ್ತುಸಿಲಿ ಕ್ರಿ.ಪೂ. 13ನೇ ಶತಮಾನದಲ್ಲೇ ಶಾಂತಿ ಒಪ್ಪಂದ ಮಾಡಿಕೊಂಡಿದ್ದರು. ಓಡಿಬಂದವರನ್ನು ಹಿಂದಕ್ಕೆ ಒಪ್ಪಿಸುವ ಷರತ್ತೂ ಅದರಲ್ಲಿತ್ತು!

ಆದರೆ ನಾನು ಮತ್ತೆ ಮತ್ತೆ ಓದುವುದು 1603ರ ಘಟನೆಯನ್ನು. ಆ ವರ್ಷ ಸಿಂಗಪುರದ ಬಳಿ ಡಚ್ಚರು 'ಸಾಂತಾ ಕತರೀನಾ' ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದರು. ಅದರ ತುಂಬ ಚೀನಾದ ರೇಷ್ಮೆ, ಪಿಂಗಾಣಿ. ಲೂಟಿಯ ಮಾಲಿನ ಲಾಭ ನಮಗೆ ಬೇಡ ಎಂದು ಡಚ್ ಈಸ್ಟ್ ಇಂಡಿಯಾ ಕಂಪನಿಯ ಕೆಲವು ಪಾಲುದಾರರೇ ತಕರಾರು ತೆಗೆದರು. ಆಗ ಕಂಪನಿ ತನ್ನ ಪರ ಬರೆಯಲು ಹ್ಯೂಗೋ ಗ್ರೋಷಿಯಸ್ ಎಂಬ ಎಳೆಯ ವಕೀಲನನ್ನು ಹಿಡಿಯಿತು. ಆ ಬರಹದ ಒಂದು ಅಧ್ಯಾಯವೇ 1609ರಲ್ಲಿ 'ಮಾರೆ ಲಿಬೆರಮ್' (ಮುಕ್ತ ಸಮುದ್ರ) ಎಂಬ ಪುಸ್ತಕವಾಗಿ ಬಂತು. ಸಮುದ್ರ ಯಾರ ಸ್ವತ್ತೂ ಅಲ್ಲ, ಪೂರ್ವದ ದೊರೆಗಳು ತಮ್ಮ ನೆಲಕ್ಕೆ ತಾವೇ ಒಡೆಯರು, ಅದನ್ನು ಪೋಪ್ ಪೋರ್ಚುಗೀಸರಿಗೆ ದಾನ ಕೊಡುವ ಹಾಗಿಲ್ಲ ಎಂದು ಅವನು ವಾದಿಸಿದ.

ಎಷ್ಟು ದೊಡ್ಡ ಮಾತು ಅಲ್ವಾ? ಆದರೆ ಅದೇ ಕಂಪನಿ ಇಂದಿನ ಇಂಡೋನೇಷ್ಯಾದ ಮಸಾಲೆ ದ್ವೀಪಗಳಲ್ಲಿ ಬೇರೆ ಯಾರಿಗೂ ವ್ಯಾಪಾರ ಮಾಡಲು ಬಿಡಲಿಲ್ಲ. 1613ರಲ್ಲಿ ಗ್ರೋಷಿಯಸ್ ಲಂಡನ್ನಿಗೆ ಹೋಗಿ ಇಂಗ್ಲಿಷರ ಎದುರು ಆ ಏಕಸ್ವಾಮ್ಯವನ್ನೇ ಸಮರ್ಥಿಸಿದ. ಇದನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹಾಗಂತ ವಾದವನ್ನು ಸುಮ್ನೆ ತಳ್ಳಿಹಾಕಲೂ ಆಗುವುದಿಲ್ಲ. ಕಂಪನಿಯ ಲಾಭಕ್ಕೆ ಹುಟ್ಟಿದ ಮಾತು ಕಂಪನಿಯ ಕೈ ಮೀರಿ ಬೆಳೆಯಿತು.

ಬೆಳೆದ ಬಗೆಯೂ ವಿಚಿತ್ರ. ಒಂದು ದೇಶ ಏನೋ ಒಂದು ಹಕ್ಕು ತನ್ನದು ಎನ್ನುತ್ತದೆ. ಉಳಿದವು ಒಪ್ಪಿದರೆ, ಅಥವಾ ತಾವೂ ಹಾಗೇ ಮಾಡಿದರೆ, ಮೆಲ್ಲಗೆ ಅದು ರೂಢಿಯ ಕಾನೂನಾಗುತ್ತದೆ. 1945ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ತಮ್ಮ ತೀರದಾಚೆಯ ಕಡಲತಳದ ಸಂಪತ್ತು ತಮ್ಮದೆಂದರು. ಎರಡೇ ವರ್ಷದಲ್ಲಿ ಚಿಲಿ, ಪೆರು 200 ಮೈಲಿ ದೂರದ ನೀರೂ ತಮ್ಮದೆಂದವು. ದೊಡ್ಡ ನೌಕಾಬಲದ ದೇಶಗಳು ವಿರೋಧಿಸಿದವು. ಆದರೂ 1982ರಲ್ಲಿ ಸಿದ್ಧವಾದ ಇದೇ ಕಡಲ ಕಾನೂನು ಒಪ್ಪಂದದಲ್ಲಿ ಮೀನು, ತೈಲದಂಥ ಸಂಪತ್ತಿನ ಮಟ್ಟಿಗೆ ಆ 200 ಮೈಲಿ ನಿಂತಿತು. ಇದರಲ್ಲಿ ನನಗೆ ನಿಜವಾದ ಖುಷಿ ಇದೆ. ಯುರೋಪಿನವರು ತಮ್ಮತಮ್ಮಲ್ಲೇ ಮಾಡಿಕೊಂಡ ಕಾನೂನನ್ನು ಹೊರಗಿನವರು ತಿದ್ದಿದ್ದು ಹೀಗೆ.

1967ರಲ್ಲಿ ಮಾಲ್ಟಾ ಸ್ವತಂತ್ರವಾಗಿ ಮೂರೇ ವರ್ಷ. ಅದರ ಪ್ರತಿನಿಧಿ ಆರ್ವಿಡ್ ಪಾರ್ಡೊ ವಿಶ್ವಸಂಸ್ಥೆಯಲ್ಲಿ ಎದ್ದು ನಿಂತು, ಆಳ ಕಡಲತಳ ಇಡೀ ಮನುಕುಲದ ಸ್ವತ್ತಾಗಬೇಕು ಎಂದರು. ಆ ವಿಚಾರವೂ ಒಪ್ಪಂದದಲ್ಲಿ ಸೇರಿತು. ಅಮೆರಿಕ ಇನ್ನೂ ಈ ಒಪ್ಪಂದಕ್ಕೆ ಸೇರಿಲ್ಲ, ಅದಕ್ಕೆ ತಕರಾರಿದ್ದದ್ದೇ ಈ ಕಡಲತಳದ ಗಣಿಗಾರಿಕೆಯ ನಿಯಮಗಳ ಮೇಲೆ. ಆದರೆ ಹಡಗುಗಳ ಓಡಾಟದಂಥ ವಿಷಯಗಳಲ್ಲಿ ಒಪ್ಪಂದದ ನಿಯಮಗಳನ್ನು ರೂಢಿಯ ಕಾನೂನೆಂದು 1983ರಿಂದಲೇ ಒಪ್ಪಿಕೊಂಡಿದೆ.