ಟೆರೆಜಿನ್‌ಗೆ ಹೋಗುವವರು ಬೊಹುಶೊವಿತ್ಸೆಯಲ್ಲಿ ಇಳಿದು ನಡೆಯಿರಿ

ಚೆಕ್ ದೇಶದ ಪ್ರೇಗ್‌ನಿಂದ ಟೆರೆಜಿನ್ ಎಂಬ ಊರಿಗೆ ಅರ್ಧ ದಿನದ ಬಸ್ ಪ್ರವಾಸಕ್ಕೆ ಹಣ ಕಟ್ಟಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ನಾನು ಅಲ್ಲಿಗೆ ಹೋದದ್ದು ಚಿತ್ರಕಲಾವಿದೆ ಫ್ರೀಡ್ಲ್ ಡಿಕ್ಕರ್-ಬ್ರಾಂಡೈಸ್ ಮತ್ತು ಅವರ ಗಂಡ ಪಾವೆಲ್ ಬ್ರಾಂಡೈಸ್ ಎಂಬ ಯಹೂದಿ ದಂಪತಿಯನ್ನು ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಕೂಡಿಹಾಕಿದ್ದ ಊರನ್ನು ನೋಡಲೆಂದು. ಬಸ್ಸಿನವರು ನಮ್ಮನ್ನು ಎರಡು ಗಂಟೆ ಸಣ್ಣ ಕೋಟೆಯಲ್ಲಿ ಸುತ್ತಿಸಿ, ಊರಿಗೆ ಕೊಟ್ಟದ್ದು ನಲವತ್ತೇ ನಿಮಿಷ. ಸಣ್ಣ ಕೋಟೆ ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊದ ಸೆರೆಮನೆಯಾಗಿತ್ತು. ಯಹೂದಿಯರನ್ನು ಕೂಡಿಹಾಕಿದ್ದ ಘೆಟ್ಟೊ ಇದ್ದದ್ದು ನದಿಯ ಈಚೆ ದಡದ ಊರಿನಲ್ಲಿ. ಈ ವ್ಯತ್ಯಾಸವನ್ನು ಯಾರೂ ಹೇಳಲಿಲ್ಲ, ಬಹಳ ಮಂದಿ ಕೋಟೆಯನ್ನೇ ಘೆಟ್ಟೊ ಎಂದು ತಿಳಿದು ಹಿಂದಿರುಗಿದರು. ನನಗೆ ಆದ ನೋವು ದುಡ್ಡಿನದಲ್ಲ.

ಮರುದಿನ ರೈಲಿನಲ್ಲಿ ಒಬ್ಬನೇ ಹೋದೆ. ಪ್ರೇಗ್‌ನಿಂದ ಬೊಹುಶೊವಿತ್ಸೆಗೆ ಸುಮಾರು ಒಂದು ಗಂಟೆ. ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿಕೊಳ್ಳಿ. ನಿಲ್ದಾಣದಿಂದ ಟೆರೆಜಿನ್‌ಗೆ ಹೆಚ್ಚುಕಡಿಮೆ ಮೂರು ಕಿಲೋಮೀಟರ್, ದಾರಿಯೆಲ್ಲ ಸಮತಟ್ಟು. ಘೆಟ್ಟೊದೊಳಕ್ಕೆ ರೈಲು ಹಳಿ ಬಂದದ್ದು 1943ರ ಜೂನ್‌ನಲ್ಲಿ. ಈ ದಂಪತಿ ಬಂದದ್ದು 1942ರ ಡಿಸೆಂಬರ್‌ನಲ್ಲಿ. ಆಗ ಬಂದವರೆಲ್ಲ ಸಾಮಾನು ಹೊತ್ತು ಇದೇ ದಾರಿಯಲ್ಲಿ ನಡೆಯಬೇಕಾಗಿತ್ತು. ಒಬ್ಬೊಬ್ಬರಿಗೆ ಐವತ್ತು ಕಿಲೋ ಮಾತ್ರ ಒಯ್ಯಲು ಬಿಟ್ಟಿದ್ದ ಆ ಸಾಮಾನಿನಲ್ಲಿ ಫ್ರೀಡ್ಲ್ ಚಿತ್ರ ಬರೆಯುವ ಸಲಕರಣೆಗಳನ್ನು ತುಂಬಿಕೊಂಡಿದ್ದರು.

ಊರಿನ ಚೌಕದಲ್ಲಿ, ಚರ್ಚಿನ ಪಕ್ಕದಲ್ಲಿ ಎಲ್ 410 ಎಂಬ ಸಂಖ್ಯೆಯ ಕಟ್ಟಡವಿದೆ. ಅದು ಹುಡುಗಿಯರ ವಸತಿಯಾಗಿತ್ತು. ಜರ್ಮನಿಯ ವೀಮರ್‌ನ ಬೌಹೌಸ್ ಕಲಾಶಾಲೆಯಲ್ಲಿ ಕಲಿತಿದ್ದ ಫ್ರೀಡ್ಲ್ ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟದ್ದು ಇಲ್ಲಿ. ಪಾವೆಲ್ ಬಡಗಿಯ ಕೆಲಸ ಮಾಡುತ್ತಿದ್ದರು. 1944ರ ಸೆಪ್ಟೆಂಬರ್ 28ರಂದು ಪಾವೆಲ್‌ರನ್ನು ಆಶ್ವಿಟ್ಸ್‌ನ ಸಾವಿನ ಶಿಬಿರಕ್ಕೆ ಸಾಗಿಸಿದರು. ಗಂಡನ ಹಿಂದೆಯೇ ಹೋಗುತ್ತೇನೆಂದು ಫ್ರೀಡ್ಲ್ ತಾವಾಗಿ ಹೆಸರು ಕೊಟ್ಟು ಅಕ್ಟೋಬರ್ 6ರ ರೈಲು ಹತ್ತಿದರು. ಮೂರು ದಿನಗಳಲ್ಲಿ, ಆಶ್ವಿಟ್ಸ್‌ನದೇ ಭಾಗವಾದ ಬಿರ್ಕೆನೌನಲ್ಲಿ ಅವರನ್ನು ಕೊಂದರು. ಆಗ ಅವರಿಗೆ ನಲವತ್ತಾರು ವರ್ಷ. ಪಾವೆಲ್ ಬದುಕಿ ಉಳಿದರು.

ಊರಂಚಿನಲ್ಲಿ, ಘೆಟ್ಟೊದೊಳಕ್ಕೆ ಹಾಕಿದ್ದ ಆ ರೈಲು ಹಳಿಯ ಒಂದು ತುಂಡು ಇನ್ನೂ ಇದೆ. ತುಕ್ಕು ಹಿಡಿದ ಎರಡು ಕಂಬಿಗಳ ನಡುವೆ ಹುಲ್ಲು ಬೆಳೆದಿದೆ, ಪಕ್ಕದಲ್ಲೇ ಮನೆಗಳಿವೆ. ಬಸ್ಸಿನವರು ಇದನ್ನು ತೋರಿಸಿರಲಿಲ್ಲ. ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ.

ಊಟದ ಚಿಂತೆ ಬೇಡ. ಚೌಕದ ಬಳಿಯ ಒಂದು ಸಣ್ಣ ಊಟದ ಮನೆಯಲ್ಲಿ ಅಣಬೆ ಹಾಕಿದ ಆಲೂಗಡ್ಡೆ ಸೂಪು, ದಪ್ಪನೆಯ ಬ್ರೆಡ್ಡು ಸಿಕ್ಕಿತು. ಸೂಪಿನಲ್ಲಿ ಮಾಂಸವಿದೆಯೇ ಎಂದು ಸನ್ನೆಯಲ್ಲಿ ಕೇಳಿದಾಗ ಬಡಿಸುವ ಅಜ್ಜಿ ನನ್ನನ್ನು ಅಡುಗೆಮನೆಗೇ ಕರೆದೊಯ್ದು ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು. ಕೇಳದೆಯೇ ಎರಡನೆಯ ಸಲ ಬಡಿಸಿದರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಪ್ರೇಗ್‌ನ ಹಳೆಯ ಪೇಟೆಯಲ್ಲಿ ಒಂದು ಕಾಫಿಗೆ ತೆತ್ತದ್ದಕ್ಕಿಂತ ಕಡಿಮೆಯಲ್ಲಿ ಹೊಟ್ಟೆ ತುಂಬಿತು.

ಪ್ರೇಗ್‌ನಲ್ಲಿರುವ ಯಹೂದಿ ಪ್ರಾರ್ಥನಾ ಮಂದಿರವಾದ ಪಿಂಕಾಸ್ ಸಿನಗಾಗ್ ಅನ್ನು ಟೆರೆಜಿನ್ ನೋಡಿದ ಮೇಲೆ ನೋಡಿ, ಮೊದಲಲ್ಲ. ಶನಿವಾರ ಅದು ಮುಚ್ಚಿರುತ್ತದೆ. ಟೆರೆಜಿನ್‌ನ ಚಿತಾಗಾರವೂ ಅಷ್ಟೇ. ನಾಜಿಗಳು ಕೊಂದ ಚೆಕ್ ನಾಡಿನ ಯಹೂದಿಯರ ಸುಮಾರು ಎಂಬತ್ತು ಸಾವಿರ ಹೆಸರುಗಳನ್ನು ಸಿನಗಾಗ್‌ನ ಗೋಡೆಗಳ ಮೇಲೆ ಕೈಯಿಂದ ಬರೆದಿದ್ದಾರೆ. ಹತ್ತು ಗಂಟೆಯ ನಂತರ ಒಬ್ಬರನ್ನೊಬ್ಬರು ನೂಕುವಷ್ಟು ಜನ, ಗೋಡೆಯ ಮುಂದೆ ನಿಂತು ಒಂದು ಹೆಸರನ್ನೂ ಓದಲಾಗದು. ಆದ್ದರಿಂದ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ನೇರವಾಗಿ ಮಹಡಿಗೆ ಹೋಗಿ. ಫ್ರೀಡ್ಲ್ ಹೊರಡುವ ಮುನ್ನ ಸೂಟ್‌ಕೇಸುಗಳಲ್ಲಿ ಬಚ್ಚಿಟ್ಟುಹೋದ ಮಕ್ಕಳ ಚಿತ್ರಗಳು ನಾಲ್ಕು ಸಾವಿರಕ್ಕೂ ಹೆಚ್ಚು, ಅವುಗಳಲ್ಲಿ ಕೆಲವನ್ನು ಅಲ್ಲಿ ಇಟ್ಟಿದ್ದಾರೆ. ಚಿತ್ರಕ್ಕೆ ತಮ್ಮ ಹೆಸರು ಹಾಕಬೇಕೆಂದು ಅವರು ಮಕ್ಕಳಿಗೆ ಹೇಳುತ್ತಿದ್ದರು. ಚಿತ್ರದ ಮೂಲೆ ನೋಡಲು ಮರೆಯಬೇಡಿ: ಮಾಸಿದ ಪೆನ್ಸಿಲ್ ಅಕ್ಷರಗಳಲ್ಲಿ ಮಗುವಿನ ಹೆಸರಿರುತ್ತದೆ.